ತಿಳಿವೂ ತೀರ್ಪೂ

ಪರರ ಆಚಾರವಿಚಾರಗಳನ್ನು ಕಂಡೊಡನೆ ಇದು ಮೇಲು, ಇದು ಕೀಳು ಎಂದು ನಿರ್ಣಯಿಸುವುದು ಸುಲಭ. ಅವರು ಹಾಗೇಕೆ ನಡೆಯುವರೆಂದು ಅವರ ಬಾಯಿಂದಲೇ ಕೇಳಿ ತಿಳಿಯುವುದು ಕಷ್ಟ. ನಮ್ಮ ದೇಶವನ್ನು ಕುರಿತು ಬರೆದ ಇಬ್ಬರು ಪರದೇಶೀಯರನ್ನು ಹೋಲಿಸಿದರೆ ಈ ಭೇದವು ಸ್ಪಷ್ಟವಾಗುವುದು.

೧೮೩೫ರಲ್ಲಿ ಮೆಕಾಲೆಯು ವಿದ್ಯಾಭ್ಯಾಸವನ್ನು ಕುರಿತ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದನು. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಅದರಲ್ಲಿ ತಾನೇ ಒಪ್ಪಿಕೊಂಡಿರುವನು. ಆದರೂ ಭಾಷಾಂತರಗಳನ್ನೂ ಬಲ್ಲವರ ಮಾತನ್ನೂ ನಂಬಿ, ಆ ಎರಡು ವಾಙ್ಮಯಗಳೂ ಯುರೋಪಿನ ಒಂದು ಹಲಗೆಯ ಪುಸ್ತಕಗಳಿಗೆ ಸಮವಾಗಲಾರವೆಂದು ತೀರ್ಪಿತ್ತನು. ಆ ವರ್ಷವೇ ಬೆಂಟಿಂಕನ ಸರಕಾರವು ವಿದ್ಯಾಧನವನ್ನು ಇಂಗ್ಲಿಷ್ ಶಿಕ್ಷಣಕ್ಕೆ ತಿರುಗಿಸಿತು.

ಇದಕ್ಕೆ ಎಂಟುನೂರು ವರ್ಷಗಳ ಹಿಂದಿನವನು ಆಲ್‌ಬಿರೂನಿ. ೯೭೩ರಲ್ಲಿ ಖ್ವಾರಿಜ್ಮ್ ದೇಶದಲ್ಲಿ ಹುಟ್ಟಿದ ಈ ಪಂಡಿತನನ್ನು, ೧೦೧೭ರಲ್ಲಿ ಆ ನಾಡನ್ನು ಗೆದ್ದ ಮಹಮೂದನು ಘಜ್ನಿಗೆ ಕರೆದೊಯ್ದನು. ಮಹಮೂದನ ದಂಡಯಾತ್ರೆಗಳಿಂದ ಭಾರತದ ಬಾಗಿಲು ಅವನಿಗೆ ತೆರೆಯಿತು. ಗೆದ್ದವರ ಆಶ್ರಯದಲ್ಲಿದ್ದೂ ಅವನು ಸೋತವರ ಶಿಷ್ಯನಾದನು. ನಡುವಯಸ್ಸಿನಲ್ಲಿ ಸಂಸ್ಕೃತವನ್ನು ಕಲಿತನು. ಗ್ರಂಥಗಳನ್ನು ಹಣ ತೆತ್ತು ಕೂಡಿಸಿದನು. ಪತಂಜಲಿಯ ಯೋಗಶಾಸ್ತ್ರವನ್ನು ಅರಬ್ಬಿಗೆ ತಂದನು. ಸುಮಾರು ೧೦೩೦ರಲ್ಲಿ ಮುಗಿಸಿದ ತನ್ನ ಭಾರತವರ್ಣನೆಯಲ್ಲಿ ಹಿಂದೂಗಳ ಮತವನ್ನು ಅವರ ಗ್ರಂಥಗಳಿಂದಲೇ ಉದ್ಧರಿಸಿ, ಗ್ರೀಕರ ಮತದೊಡನೆ ತೂಗಿ ನೋಡಿದನು. ಮಹಮೂದನ ದಾಳಿಗಳಿಂದ ದೇಶದ ಸಂಪತ್ತು ಹಾಳಾದುದನ್ನೂ, ಅದರಿಂದ ಜನರಲ್ಲಿ ಪರಕೀಯದ್ವೇಷ ಬೆಳೆದುದನ್ನೂ ಮರೆಮಾಡಲಿಲ್ಲ.

ಹಾಗೆಂದು ಅವನು ಎಲ್ಲವನ್ನೂ ಹೊಗಳಲಿಲ್ಲ. ಗ್ರಹಣದ ನಿಜವಾದ ಕಾರಣವನ್ನು ಬಲ್ಲ ಬ್ರಹ್ಮಗುಪ್ತನು ರಾಹುವಿನ ಕಥೆಗೆ ತಲೆಬಾಗಿದುದನ್ನು ಕಟುವಾಗಿ ಖಂಡಿಸಿದನು. ಆದರೆ ಬ್ರಹ್ಮಗುಪ್ತನನ್ನು ಓದಿದ ಮೇಲೆ ಖಂಡಿಸಿದನು. ಅರಿಯುವುದೆಂದರೆ ವಿವೇಚನೆಯನ್ನು ತೊರೆಯುವುದಲ್ಲ. ತೀರ್ಪು ಹೇಳುವ ಅಧಿಕಾರವನ್ನು ಸಂಪಾದಿಸುವುದು.

ಮೆಕಾಲೆಯನ್ನು ನಿಂದಿಸಿ ನಾವು ತೃಪ್ತರಾಗಬಹುದು. ಆದರೆ ಆಲ್‌ಬಿರೂನಿಯ ಇನ್ನೊಂದು ಮಾತು ನಮಗೇ ತಟ್ಟುವಂತಹುದು: ತಮ್ಮಂಥ ದೇಶವಿಲ್ಲ, ತಮ್ಮಂಥ ವಿದ್ಯೆಯಿಲ್ಲವೆಂಬ ಗರ್ವವನ್ನು ಅವನು ಅಂದಿನ ನಮ್ಮವರಲ್ಲಿ ಕಂಡನು. ಅವರ ಪೂರ್ವಿಕರು ಹೀಗಿರಲಿಲ್ಲವೆಂದು ತೋರಿಸಲು ಅವನು ಹಿಡಿದ ಸಾಕ್ಷಿಯೂ ನಮ್ಮವನೇ ಆದ ವರಾಹಮಿಹಿರ. ಯವನರು ಮ್ಲೇಚ್ಛರಾದರೂ ಜ್ಯೋತಿಶ್ಶಾಸ್ತ್ರವನ್ನು ಬಲ್ಲವರಾದುದರಿಂದ ಪೂಜ್ಯರೆಂಬುದು ಆ ಆಚಾರ್ಯನ ಅಭಿಪ್ರಾಯ. ನಾವು ಮರೆತಿದ್ದ ಆ ಔದಾರ್ಯವನ್ನು ನಮ್ಮ ಗ್ರಂಥದಿಂದಲೇ ಎತ್ತಿ ತೋರಿಸಲು ಒಬ್ಬ ಪರದೇಶೀಯನು ಬರಬೇಕಾಯಿತು. ನೆರೆಯ ಮತದವರನ್ನೂ ನೆರೆಯ ನುಡಿಯವರನ್ನೂ ಕುರಿತು ಮಾತೆತ್ತುವ ಮುನ್ನ, ಅವರ ಒಂದು ಪುಸ್ತಕವನ್ನಾದರೂ ಓದಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಡವೆ?