‘ಇನ್‌ಫ್ಲ್ಯಾಮಬಲ್’ನಿಂದ ‘ಫ್ಲ್ಯಾಮಬಲ್’ಗೆ: ಒಂದು ಎಚ್ಚರಿಕೆಯ ಪದದ ಚರಿತ್ರೆ

ಇಂಗ್ಲಿಷಿನ ‘ಇನ್‌ಫ್ಲ್ಯಾಮಬಲ್’ ಮತ್ತು ‘ಫ್ಲ್ಯಾಮಬಲ್’ ಎಂಬ ಎರಡು ಗುಣವಾಚಕಗಳಿಗೆ ಇರುವುದು ಒಂದೇ ಅರ್ಥ: ಬೇಗ ಬೆಂಕಿ ಹೊತ್ತಿಕೊಳ್ಳುವಂಥದ್ದು. ಮೇಲ್ನೋಟಕ್ಕೆ ಒಂದು ಇನ್ನೊಂದಕ್ಕೆ ವಿರುದ್ಧಪದದಂತೆ ಕಾಣುತ್ತದೆ. ಹಾಗೆ ಕಂಡದ್ದೇ ಈ ಜೋಡಿಯ ಚರಿತ್ರೆಗೆ ಕಾರಣ. ಇವುಗಳ ವ್ಯತ್ಯಾಸವಿರುವುದು ಬಳಕೆಯಲ್ಲಿ, ಆ ಬಳಕೆಯನ್ನು ಬದಲಿಸಿದವರಲ್ಲಿ ವೈಯಾಕರಣರು ಕಡಿಮೆ. ಬೆಂಕಿ ವಿಮೆಯ ಕಂಪನಿಗಳು, ಅಗ್ನಿಸುರಕ್ಷತೆಯ ಎಂಜಿನಿಯರುಗಳು ಮತ್ತು ಕಾಯ್ದೆಯ ಕರಡು ಬರೆಯುವವರು ಆ ಕೆಲಸ ಮಾಡಿದರು.

ಎರಡರಲ್ಲಿ ಹಿರಿಯದು ‘ಇನ್‌ಫ್ಲ್ಯಾಮಬಲ್’. ಲ್ಯಾಟಿನ್ನಿನಲ್ಲಿ ‘ಫ್ಲಮ್ಮ’ ಎಂದರೆ ಜ್ವಾಲೆ, ‘ಇನ್‌ಫ್ಲಮ್ಮಾರೆ’ ಎಂದರೆ ಬೆಂಕಿ ಹಚ್ಚು. ಅದರಿಂದ ಬಂದ ಗುಣವಾಚಕ 17ನೆಯ ಶತಮಾನದ ಆರಂಭದಿಂದ ಇಂಗ್ಲಿಷಿನಲ್ಲಿದೆ. ತೊಡಕು ಇರುವುದು ‘ಇನ್’ ಎಂಬ ಪೂರ್ವಪ್ರತ್ಯಯದಲ್ಲಿ. ಲ್ಯಾಟಿನ್ನಿನಲ್ಲಿ ಇಂಥ ಎರಡು ಪ್ರತ್ಯಯಗಳಿವೆ. ಒಂದಕ್ಕೆ ‘ಒಳಗೆ’, ‘ಮೇಲೆ’ ಎಂಬ ಅರ್ಥ. ಕ್ರಿಯೆಗೆ ಒತ್ತು ಕೊಡುವುದಕ್ಕೂ ಅದು ಬರುತ್ತದೆ. ಇನ್ನೊಂದು ನಿಷೇಧಾರ್ಥದ್ದು, ಸಂಸ್ಕೃತದ ‘ಅ’, ‘ಅನ್’ಗಳಿಗೆ, ಎಂದರೆ ನಮ್ಮ ‘ಅಸಾಧ್ಯ’, ‘ಅನುಚಿತ’ಗಳ ಮೊದಲಕ್ಷರಕ್ಕೆ, ಅದು ದಾಯಾದಿ. ಇಂಗ್ಲಿಷಿನಲ್ಲಿ ‘ಇನ್‌ವಿಸಿಬಲ್’, ‘ಇನ್‌ಕೇಪಬಲ್’ ಮುಂತಾದ ನಿಷೇಧದ ಪದಗಳು ಲೆಕ್ಕವಿಲ್ಲದಷ್ಟಿರುವುದರಿಂದ ಓದುವವನಿಗೆ ಮೊದಲು ಹೊಳೆಯುವುದು ‘ಅಲ್ಲ’ ಎಂಬ ಅರ್ಥವೇ. ‘ಇನ್‌ಫ್ಲ್ಯಾಮಬಲ್’ನ ‘ಇನ್’ ಮಾತ್ರ ಮೊದಲನೆಯ ಬಗೆಯದು. ವೈದ್ಯರ ‘ಇನ್‌ಫ್ಲಮೇಷನ್’ ಇದೇ ಮನೆತನದ್ದು. ಕನ್ನಡ ಅದಕ್ಕೆ ‘ಉರಿಯೂತ’ ಎಂದು ಹೆಸರಿಟ್ಟು ಒಳಗಿನ ಬೆಂಕಿಯನ್ನು ಹಾಗೆಯೇ ಉಳಿಸಿಕೊಂಡಿದೆ.

ಸುಮಾರು ಮುನ್ನೂರು ವರ್ಷ ಈ ಪದ ಯಾರಿಗೂ ತೊಂದರೆ ಕೊಟ್ಟ ಹಾಗೆ ಕಾಣುವುದಿಲ್ಲ. ಅದನ್ನು ಬಳಸುತ್ತಿದ್ದವರು ಹೆಚ್ಚಾಗಿ ಲ್ಯಾಟಿನ್ ಬಲ್ಲ ವಿದ್ವಾಂಸರು. ರಸಾಯನಶಾಸ್ತ್ರದಲ್ಲಿ ಅದಕ್ಕೆ ದೊಡ್ಡ ಸ್ಥಾನವೂ ಇತ್ತು. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸತು, ಕಬ್ಬಿಣ ಮೊದಲಾದ ಲೋಹಗಳನ್ನು ಆಮ್ಲದಲ್ಲಿ ಕರಗಿಸಿದಾಗ ಹೊಮ್ಮುವ ಅನಿಲವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಆ ಅನಿಲದ ಹೆಸರು ‘ಇನ್‌ಫ್ಲ್ಯಾಮಬಲ್ ಏರ್’, ಹೊತ್ತಿಕೊಳ್ಳುವ ಗಾಳಿ. ಹತ್ತು ವರ್ಷದ ಬಳಿಕ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಕೆಸರನ್ನು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಹಿಡಿದಿಟ್ಟು, ಅದೂ ಉರಿಯುವುದನ್ನು ಕಂಡ. ಅವನೂ ತನ್ನ ಭಾಷೆಯಲ್ಲಿ ಅದೇ ಹೆಸರಿಟ್ಟ. ಕ್ಯಾವೆಂಡಿಷನ ಅನಿಲ ಇಂದಿನ ಹೈಡ್ರೋಜನ್, ವೋಲ್ಟಾನದು ಮೀಥೇನ್. ಎರಡು ಬೇರೆ ಬೇರೆ ಅನಿಲಗಳಿಗೆ ಒಂದೇ ಹೆಸರು ಸಲ್ಲುತ್ತಿತ್ತು ಎಂದರೆ ಆ ಕಾಲಕ್ಕೆ ಎದ್ದುಕಂಡ ಗುಣ ಉರಿಯುವುದೊಂದೇ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಚಾರ್ಲ್ಸ್ ಹಾರಿಸಿದ ಬಲೂನಿನೊಳಗೆ ತುಂಬಿದ್ದು ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿದು ಪಡೆದ ಕ್ಯಾವೆಂಡಿಷನ ಗಾಳಿಯೇ. ಬಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿದಾಗ ಹೆದರಿದ ರೈತರು ಅದನ್ನು ಚುಚ್ಚಿ ಹರಿದರು. 1787ರಲ್ಲಿ ಲವಾಸಿಯೆ ಮತ್ತು ಅವನ ಸಂಗಡಿಗರು ರಸಾಯನಶಾಸ್ತ್ರಕ್ಕೆ ಹೊಸ ಪರಿಭಾಷೆ ಪ್ರಕಟಿಸಿದ ಮೇಲೆ ‘ಹೈಡ್ರೋಜನ್’ ನಿಂತಿತು, ಹಳೆಯ ಹೆಸರು ಪ್ರಯೋಗಶಾಲೆಯಿಂದ ಹೊರಬಿತ್ತು.

‘ಫ್ಲ್ಯಾಮಬಲ್’ ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ. 1813ರಲ್ಲಿ ಅಚ್ಚಾದ, ಲುಕ್ರೀಷಿಯಸ್ ಕವಿಯ ಒಂದು ಇಂಗ್ಲಿಷ್ ಅನುವಾದದಲ್ಲಿ ಅದು ಮೊದಲಿಗೆ ಕಾಣುತ್ತದೆ. ಆಮೇಲೆ ನೂರು ವರ್ಷ ಅದನ್ನು ಕೇಳಿದವರು ಕಡಿಮೆ. ಪದ ಇತ್ತು, ಕೆಲಸ ಇರಲಿಲ್ಲ.

ಆ ಕೆಲಸಕ್ಕೆ ದಾರಿ ತೆರೆಯತೊಡಗಿದ್ದು ಸೀಮೆಎಣ್ಣೆಯಿಂದ. 1860ರ ನಂತರ ಮನೆಮನೆಗೆ ಬಂದ ದೀಪದೆಣ್ಣೆಯಲ್ಲಿ ಹಗುರವಾದ ನಾಫ್ತಾ ಬೆರೆತಿದ್ದರೆ ದೀಪಗಳು ಸಿಡಿಯುತ್ತಿದ್ದವು. ಯಾವ ಎಣ್ಣೆ ಅಪಾಯದ್ದು ಎಂದು ಅಳೆಯುವುದು ಸರ್ಕಾರಗಳಿಗೆ ಅನಿವಾರ್ಯವಾಯಿತು. ಎಣ್ಣೆಯನ್ನು ನಿಧಾನವಾಗಿ ಕಾಯಿಸುತ್ತ, ಅದರ ಆವಿಗೆ ಸಣ್ಣ ಜ್ವಾಲೆ ತೋರಿಸುತ್ತ ಹೋದಾಗ ಯಾವ ಉಷ್ಣತೆಯಲ್ಲಿ ಆವಿ ಫಕ್ಕನೆ ಹೊತ್ತಿ ಆರುತ್ತದೆಯೋ ಅದು ಆ ಎಣ್ಣೆಯ ‘ಫ್ಲ್ಯಾಶ್ ಪಾಯಿಂಟ್’. ಇದನ್ನು ಮುಚ್ಚಿದ ಬಟ್ಟಲಿನಲ್ಲಿ ಅಳೆಯುವ ಉಪಕರಣವನ್ನು ರೂಪಿಸಿದವನು ಫ್ರೆಡರಿಕ್ ಏಬಲ್. 1879ರ ಬ್ರಿಟಿಷ್ ಪೆಟ್ರೋಲಿಯಂ ಕಾಯ್ದೆ ಅವನ ಪರೀಕ್ಷೆಯನ್ನು ಒಪ್ಪಿಕೊಂಡು 73 ಡಿಗ್ರಿ ಫ್ಯಾರನ್‌ಹೀಟನ್ನು ಗಡಿಯಾಗಿ ಇಟ್ಟಿತು. ಅದು ಸುಮಾರು 23 ಡಿಗ್ರಿ ಸೆಲ್ಸಿಯಸ್. ಭಾರತದ ಕಾನೂನಿನಲ್ಲಿ ‘ಎ’ ವರ್ಗದ ಪೆಟ್ರೋಲಿಯಂ ಎಂದರೆ ಇಂದಿಗೂ 23 ಡಿಗ್ರಿಗಿಂತ ಕೆಳಗಿನ ಫ್ಲ್ಯಾಶ್ ಪಾಯಿಂಟ್ ಉಳ್ಳದ್ದು.

ಸಿನಿಮಾದ ಚರಿತ್ರೆಯಲ್ಲೂ ‘ಇನ್‌ಫ್ಲ್ಯಾಮಬಲ್’ ಪದದ ಪಾತ್ರವಿದೆ. ಮೊದಲಿನ ಫಿಲ್ಮು ನೈಟ್ರೋಸೆಲ್ಯುಲೋಸಿನದು. ಉರಿಯುವಾಗ ಅದೇ ಆಮ್ಲಜನಕವನ್ನು ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. 1897ರಲ್ಲಿ ಪ್ಯಾರಿಸ್ಸಿನ ಒಂದು ದತ್ತಿ ಸಂತೆಯಲ್ಲಿ ಸಿನಿಮಾ ಯಂತ್ರದ ಈಥರ್ ದೀಪದಿಂದ ಎದ್ದ ಬೆಂಕಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಬ್ರಿಟನ್ನಿನ 1909ರ ಸಿನಿಮಾಟೋಗ್ರಾಫ್ ಕಾಯ್ದೆ ‘ಇನ್‌ಫ್ಲ್ಯಾಮಬಲ್ ಫಿಲ್ಮು’ ಬಳಸುವ ಪ್ರದರ್ಶನಗಳಿಗೆ ಪರವಾನಗಿ ಬೇಕೆಂದಿತು. ಉದ್ದೇಶ ಬೆಂಕಿಯಿಂದ ರಕ್ಷಣೆ. ಆದರೆ ಪರವಾನಗಿಗೆ ಬೆಂಕಿಗೆ ಸಂಬಂಧವಿಲ್ಲದ ಷರತ್ತುಗಳನ್ನೂ ಹಾಕಬಹುದೆಂದು ನ್ಯಾಯಾಲಯ 1911ರ ವೇಳೆಗೆ ಹೇಳಿತು. ಆ ಬಾಗಿಲಿನಿಂದ ಸೆನ್ಸಾರ್ ಒಳಬಂತು. ಮುಂದೆ ಹೊತ್ತಿಕೊಳ್ಳದ 16 ಮಿಲಿಮೀಟರ್ ಫಿಲ್ಮು ಬಂದಾಗ ಕಾಯ್ದೆಯ ಅದೇ ಮಾತು ಬಿರುಕಾಯಿತು. 1930ರ ದಶಕದಲ್ಲಿ ಕಾರ್ಮಿಕರ ಚಿತ್ರಸಂಘಗಳು, ನಮ್ಮ ಫಿಲ್ಮು ‘ಇನ್‌ಫ್ಲ್ಯಾಮಬಲ್’ ಅಲ್ಲ, ಆದ್ದರಿಂದ ಪರವಾನಗಿಯೂ ಬೇಕಿಲ್ಲ ಎಂದು ವಾದಿಸಿ ಸೋವಿಯತ್ ಚಿತ್ರಗಳನ್ನು ತೋರಿಸಿದವು. ಒಂದು ಗುಣವಾಚಕದ ಮೇಲೆ ಇಷ್ಟು ರಾಜಕೀಯ ನಿಂತದ್ದು ಅಪರೂಪ.

ಇಷ್ಟರಲ್ಲಿ ಪದ ವಿದ್ವಾಂಸರ ಕೈಬಿಟ್ಟು ಡ್ರಮ್ಮು, ಲಾರಿ, ಗೋದಾಮುಗಳ ಮೇಲೆ ಬಂದಿತ್ತು. ಅಮೆರಿಕದ ಕಾರ್ಖಾನೆಗಳಲ್ಲಿ ಅದನ್ನು ಓದುವವರಲ್ಲಿ ಬಹಳ ಜನ ಹೊಸದಾಗಿ ವಲಸೆ ಬಂದವರು. ‘ಇನ್’ ಕಂಡು ‘ಹೊತ್ತಿಕೊಳ್ಳದ ವಸ್ತು’ ಎಂದು ಒಬ್ಬ ತಿಳಿದರೂ ಸಾಕು, ಅನಾಹುತ. 1896ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ 1920ರ ದಶಕದಲ್ಲಿ ‘ಫ್ಲ್ಯಾಮಬಲ್’ ಅನ್ನೇ ಬಳಸಬೇಕೆಂದು ಒತ್ತಾಯಿಸತೊಡಗಿತು. ವಿಮಾ ಕಂಪನಿಗಳು ಜೊತೆಗೂಡಿದವು. ನೂರು ವರ್ಷ ಮೂಲೆಯಲ್ಲಿದ್ದ ಪದಕ್ಕೆ ಹೀಗೆ ಕೆಲಸ ಸಿಕ್ಕಿತು.

ಪದ ಮತ್ತು ಬೆಂಕಿಯ ನಂಟನ್ನು ಆ ಕಾಲದಲ್ಲಿ ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ಬೆಂಜಮಿನ್ ಲೀ ವೋರ್ಫ್. ಭಾಷಾವಿಜ್ಞಾನಿಯೆಂದು ಜಗತ್ತಿಗೆ ಪರಿಚಿತನಾದ ಇವನ ಹೊಟ್ಟೆಪಾಡು ಬೇರೆ: 1919ರಿಂದ 1941ರಲ್ಲಿ ಸಾಯುವವರೆಗೂ ಹಾರ್ಟ್‌ಫರ್ಡ್ ಅಗ್ನಿ ವಿಮಾ ಕಂಪನಿಯಲ್ಲಿ ಬೆಂಕಿ ತಡೆಯುವ ಎಂಜಿನಿಯರ್. ಬೆಂಕಿ ಬಿದ್ದ ಕಡೆಗಳ ವರದಿಗಳನ್ನು ಅಭ್ಯಾಸ ಮಾಡುತ್ತ, ವಸ್ತುವಿನಷ್ಟೇ ವಸ್ತುವಿನ ಹೆಸರೂ ಜನರ ನಡತೆಯನ್ನು ರೂಪಿಸುತ್ತದೆ ಎಂದು ಕಂಡುಕೊಂಡ. ತುಂಬಿದ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಜನ ಹುಷಾರಾಗಿರುತ್ತಾರೆ. ‘ಖಾಲಿ’ ಡ್ರಮ್ಮುಗಳ ಹತ್ತಿರ ಸಿಗರೇಟು ಸೇದುತ್ತಾರೆ. ಆವಿ ತುಂಬಿದ ಖಾಲಿ ಡ್ರಮ್ಮೇ ಹೆಚ್ಚು ಅಪಾಯದ್ದು. ಒಂದು ಕಾರ್ಖಾನೆಯಲ್ಲಿ ಪಾತ್ರೆಗಳಿಗೆ ಹೊದಿಸಿದ್ದ ವಸ್ತುವಿನ ಹೆಸರಿನಲ್ಲಿ ‘ಸುಣ್ಣಕಲ್ಲು’ ಇತ್ತು, ಕಲ್ಲು ಉರಿಯದೆಂದು ಎಲ್ಲರೂ ನಂಬಿದ್ದರು. ಆಮ್ಲದ ಹೊಗೆ ತಗುಲಿ ಅದರ ರಾಸಾಯನಿಕ ಗುಣ ಬದಲಾಗಿತ್ತು. ಕಾಯಿಸಿದಾಗ ಅಸಿಟೋನ್ ಬಿಟ್ಟು ಹೊತ್ತಿಕೊಂಡಿತು.

ಆಮೇಲಿನ ಬದಲಾವಣೆ ಬೇಗ ಸಾಗಿತು. ಬೇಗ ಉರಿಯುವ ರೇಯಾನ್ ಸ್ವೆಟರುಗಳು ಮತ್ತು ಮಕ್ಕಳ ಕೌಬಾಯ್ ಉಡುಪುಗಳಿಂದಾದ ದುರಂತಗಳ ನಂತರ ಅಮೆರಿಕದ ಸಂಸತ್ತು 1953ರಲ್ಲಿ ತಂದ ಬಟ್ಟೆಗಳ ಕಾಯ್ದೆಯ ಹೆಸರಿನಲ್ಲೇ ‘ಫ್ಲ್ಯಾಮಬಲ್’ ಇದೆ. 1959ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆ ಹೊಸ ಪದವನ್ನೂ ಅದರ ನಿಷೇಧರೂಪ ‘ನಾನ್‌ಫ್ಲ್ಯಾಮಬಲ್’ ಅನ್ನೂ ಬಳಸಲು ಸೂಚಿಸಿತು. ಅಪಾಯಕಾರಿ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆ ರೂಪಿಸಿದ ವರ್ಗೀಕರಣದಲ್ಲಿ 3ನೆಯ ವರ್ಗ ‘ಫ್ಲ್ಯಾಮಬಲ್’ ದ್ರವಗಳದ್ದು. ಫ್ರೆಂಚರಿಗೆ ಈ ಪೇಚು ಬರಲಿಲ್ಲ. ಅವರ ಪದ ಇಂದಿಗೂ ಹಳೆಯದೇ, ಹೊತ್ತಿಕೊಳ್ಳದ್ದಕ್ಕೆ ಮುಂದೆ ಇನ್ನೊಂದು ‘ಇನ್’ ಸೇರಿಸಿ ‘ಇನಿನ್‌ಫ್ಲಮಾಬ್ಲ್’ ಎನ್ನುತ್ತಾರೆ.

ಈ ಜೋಡಿಯ ಪಕ್ಕದಲ್ಲಿ ‘ಕಂಬಸ್ಟಿಬಲ್’ ಎಂಬ ಮೂರನೆಯದು ಇದೆ. ಸಾಮಾನ್ಯ ಮಾತಿನಲ್ಲಿ ಅದು ಉರಿಯಬಲ್ಲ ಯಾವುದಕ್ಕೂ ಸಲ್ಲುತ್ತದೆ, ಸೌದೆಗೂ ಸಹ. ಅಮೆರಿಕದ ಅಗ್ನಿ ಸಂಹಿತೆಯಲ್ಲಿ ದಶಕಗಳ ಕಾಲ ಖಚಿತ ಗಡಿಯಿತ್ತು: ಫ್ಲ್ಯಾಶ್ ಪಾಯಿಂಟ್ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ದ್ರವ ‘ಫ್ಲ್ಯಾಮಬಲ್’, ಅಷ್ಟು ಅಥವಾ ಮೇಲಿದ್ದರೆ ‘ಕಂಬಸ್ಟಿಬಲ್’.

ಹಳೆಯ ಪದ ಸಾಯಲಿಲ್ಲ. ಲಾಕ್ಷಣಿಕ ಪ್ರಯೋಗದಲ್ಲಿ ಅದಕ್ಕೇ ಹಕ್ಕು. ಬೇಗ ಕೆರಳುವ ಸ್ವಭಾವವನ್ನೋ, ಕಿಡಿ ಬಿದ್ದರೆ ಸಿಡಿಯುವ ಜನಸ್ತೋಮವನ್ನೋ ಹೇಳುವಾಗ ಇಂಗ್ಲಿಷಿನವರು ‘ಇನ್‌ಫ್ಲ್ಯಾಮಬಲ್’ ಎನ್ನುತ್ತಾರೆ. ಅಲ್ಲಿ ‘ಫ್ಲ್ಯಾಮಬಲ್’ ಹಾಕಿದರೆ ಪೀಪಾಯಿಯ ಚೀಟಿ ಮನುಷ್ಯನಿಗೆ ಅಂಟಿಸಿದಂತಾಗುತ್ತದೆ. ಕೆರಳಿಸುವ ಭಾಷಣಕ್ಕೆ ಮಾತ್ರ ಎರಡೂ ಸಲ್ಲವು, ಅದು ‘ಇನ್‌ಫ್ಲಮೇಟರಿ’.

ಭಾರತದಲ್ಲಿ ಎರಡೂ ಒಟ್ಟಿಗಿವೆ. 1934ರ ಪೆಟ್ರೋಲಿಯಂ ಕಾಯ್ದೆಯ ವ್ಯಾಖ್ಯೆಯಲ್ಲಿ ಹಳೆಯ ಪದವಿದೆ. 1952ರ ಇನ್‌ಫ್ಲ್ಯಾಮಬಲ್ ಸಬ್‌ಸ್ಟೆನ್ಸಸ್ ಕಾಯ್ದೆ ಅದನ್ನು ಹೆಸರಿನಲ್ಲೇ ಹೊತ್ತಿದೆ. ಅಸಿಟೋನ್, ಕ್ಯಾಲ್ಸಿಯಂ ಕಾರ್ಬೈಡ್, ಮದ್ಯಸಾರಗಳ ಜೊತೆ ನೈಟ್ರೋಸೆಲ್ಯುಲೋಸ್ ಸಿನಿಮಾ ಫಿಲ್ಮೂ ಅದರ ಪಟ್ಟಿಯಲ್ಲಿದೆ. 2003ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಅಂಥ ಫಿಲ್ಮುಗಳಿಗೆ ಬೆಂಕಿ ಬಿದ್ದು ಹಳೆಯ ಚಿತ್ರಗಳ ಸುರುಳಿಗಳು ನಾಶವಾದವು. ಭೋಪಾಲ್ ದುರಂತದ ನಂತರ, 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಹೊಸ ಪದವನ್ನು ಹಿಡಿದು, ದ್ರವಗಳನ್ನು ‘ಫ್ಲ್ಯಾಮಬಲ್’ನಿಂದ ಮೇಲಕ್ಕೆ ತೀವ್ರತೆಯ ದರ್ಜೆಗಳಾಗಿ ವಿಂಗಡಿಸಿದವು. ಹೆದ್ದಾರಿಯ ಟ್ಯಾಂಕರುಗಳ ಬೆನ್ನಿನ ಮೇಲೆ ಮಾತ್ರ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂಬ ಹಳೆಯ ಬರಹವೇ ಈಗಲೂ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ.