ಠಾಣೆಯ ಹೊರಗಿನ ಹಲಗೆ

ನಿಮ್ಮ ಊರಿನ ಪೊಲೀಸ್ ಠಾಣೆಯ ಮುಂದೆ ನೀವು ದಿನವೂ ಹಾದುಹೋಗುತ್ತಿರಬಹುದು. ಒಳಗೆ ಹೋಗುವ ಸಂದರ್ಭ ಬಂದಿರಲಾರದು. ಠಾಣೆಯ ಮೆಟ್ಟಿಲು ಹತ್ತುವ ಗ್ರಹಚಾರ ಯಾರಿಗೂ ಬೇಡ ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ಆದರೆ ಅಲ್ಲಿ ನೀವು ಓದಲೆಂದೇ ಕೆಲವು ವಿವರಗಳು ಪ್ರದರ್ಶಿತವಾಗಿರಬೇಕು ಎಂಬುದು ನಿಮಗೆ ಗೊತ್ತೇ? ಬಂಧಿತರಾದವರ ಹೆಸರು, ವಿಳಾಸ, ಅವರ ಮೇಲಿನ ಆಪಾದನೆಯ ಸ್ವರೂಪ, ಇವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಇಂದಿನ ಕಾನೂನು ಹೇಳುತ್ತದೆ. ಒಬ್ಬರ ಬಂಧನ ಊರಿಗೆಲ್ಲ ಏಕೆ ತಿಳಿಯಬೇಕು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಬಂಧನದ ದಾಖಲೆ ಇಡುವ ಪದ್ಧತಿ ಹೊಸದೇನಲ್ಲ. 1861ರ ಪೊಲೀಸ್ ಕಾಯಿದೆಯ 44ನೆಯ ಕಲಮು ಠಾಣೆಯಲ್ಲಿ ಒಂದು ದಿನಚರಿ ಇರಬೇಕೆಂದು ವಿಧಿಸಿತು. ಬಂದ ದೂರುಗಳು, ದೂರು ಕೊಟ್ಟವರು, ಬಂಧಿತರಾದವರು, ವಶಪಡಿಸಿಕೊಂಡ ಆಯುಧ ಮತ್ತು ಸ್ವತ್ತು, ಸಾಕ್ಷಿಗಳು, ಎಲ್ಲವನ್ನೂ ಅದರಲ್ಲಿ ಬರೆಯಬೇಕಿತ್ತು. ಆ ದಿನಚರಿಯನ್ನು ತರಿಸಿ ನೋಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗಿತ್ತು. ಮಗ ಎಲ್ಲಿದ್ದಾನೆಂದು ಕೇಳಿಕೊಂಡು ಬಂದ ತಾಯಿಗೆ ಅಂಥ ಹಕ್ಕೇನೂ ಇರಲಿಲ್ಲ. ದಾಖಲೆ ಇದ್ದದ್ದು ಸರ್ಕಾರಕ್ಕಾಗಿ, ಜನರಿಗಾಗಿ ಅಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ಮೂರು ಭರವಸೆಗಳನ್ನು ಕೊಟ್ಟಿತು. ಬಂಧನದ ಕಾರಣವನ್ನು ಅವನಿಗೆ ತಿಳಿಸಬೇಕು. ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ಈ 24 ಗಂಟೆಯನ್ನು ಎಣಿಸುವುದು ಎಲ್ಲಿಂದ? ಪ್ರಯೋಗಶಾಲೆಯಲ್ಲಿ ಆರಂಭದ ವೇಳೆಯನ್ನು ಬರೆದುಕೊಳ್ಳದಿದ್ದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ ಎಂಬುದು ವಿಜ್ಞಾನ ಓದುವ ನಿಮಗೆ ಗೊತ್ತಿದೆ. ಬಂಧನದ ವಿಷಯದಲ್ಲೂ ಹಾಗೆಯೇ.

ಇಲ್ಲಿ ವಾರಂಟಿನ ಮಾತು ಬರುತ್ತದೆ. ವಾರಂಟ್ ಎಂದರೆ ನ್ಯಾಯಾಲಯದ ಲಿಖಿತ ಆಜ್ಞೆ. ಅದರ ಮೇಲೆ ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರು ಇರಬೇಕು. ನ್ಯಾಯಾಲಯ ಅದನ್ನು ರದ್ದುಮಾಡುವವರೆಗೆ ಇಲ್ಲವೇ ಅದು ಜಾರಿಯಾಗುವವರೆಗೆ ಅದಕ್ಕೆ ಜೀವವಿರುತ್ತದೆ. ಬಂಧಿಸಲು ಬಂದ ಅಧಿಕಾರಿ ಅದರ ಸಾರಾಂಶವನ್ನು ಹೇಳಬೇಕು, ಕೇಳಿದರೆ ತೋರಿಸಬೇಕು. ಹೊರಡಿಸಿದ ಕೂಡಲೇ ಅದನ್ನು ಊರಿಗೆಲ್ಲ ಸಾರುವುದಿಲ್ಲ, ಸಾರಿದರೆ ಬೇಕಾದವನು ಪರಾರಿಯಾದಾನು. ಆತ ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಲಯಕ್ಕೆ ಮನವರಿಕೆಯಾದಾಗ ಮಾತ್ರ ಉದ್ಘೋಷಣೆ ಹೊರಡುತ್ತದೆ. ಅದನ್ನು ಆತನ ಊರಿನಲ್ಲಿ ಬಹಿರಂಗವಾಗಿ ಓದಬೇಕು, ಮನೆಗೆ ಅಂಟಿಸಬೇಕು, ಒಂದು ಪ್ರತಿಯನ್ನು ನ್ಯಾಯಾಲಯದ ಕಟ್ಟಡಕ್ಕೂ ಅಂಟಿಸಬೇಕು. ಹಾಜರಾಗಲು ಕನಿಷ್ಠ 30 ದಿನಗಳ ಕಾಲಾವಕಾಶವಿರಬೇಕು. ಹಳೆಯ ಕಾಲದ ಡಂಗುರದ ನೆನಪು ತರುವ ಈ ಕ್ರಮ ಇಂದಿಗೂ ಕಾನೂನಿನಲ್ಲಿದೆ.

ಆದರೆ ಕೊಲೆ, ದರೋಡೆ, ಕಳವಿನಂಥ ಸಂಜ್ಞೇಯ ಅಪರಾಧಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು. ಆಗ ಮುಂಚಿತವಾಗಿ ಯಾವ ನ್ಯಾಯಾಧೀಶರ ಸಹಿಯೂ ಇರುವುದಿಲ್ಲ. ಬಂಧನವಾದ ಮೇಲೆ ಬರೆಯುವ ಕಾಗದವೇ ಮೊದಲ ಸಾಕ್ಷಿ. ಆ ಕಾಗದವೂ ಇಲ್ಲದಿದ್ದರೆ?

ಈ ಪ್ರಶ್ನೆಗೆ ನೆರೆಯ ಕೇರಳ ಒಂದು ಘೋರ ಉತ್ತರವನ್ನು ಕಂಡಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್ ಅವರನ್ನು ಪೊಲೀಸರು ಹಿಡಿದುಕೊಂಡು ಹೋದರು. ತಂದೆ ಟಿ.ವಿ. ಈಚರ ವಾರಿಯರ್ ಹಿಂದಿ ಅಧ್ಯಾಪಕರು. ಅವರು ಮಗನನ್ನು ಹುಡುಕಿಕೊಂಡು ಕಂಡಕಂಡ ಅಧಿಕಾರಿಗಳ ಬಾಗಿಲು ಬಡಿದರು. ನ್ಯಾಯಾಲಯಕ್ಕೆ ಹೋಗುವ ದಾರಿಯೂ ಮುಚ್ಚಿತ್ತು: ಅದೇ ವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಜಬಲ್ಪುರ ಪ್ರಕರಣದಲ್ಲಿ, ತುರ್ತುಪರಿಸ್ಥಿತಿಯ ಆಜ್ಞೆ ಇರುವಾಗ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವಂತಿಲ್ಲ ಎಂದು ಬಹುಮತದಿಂದ ತೀರ್ಪಿತ್ತಿತ್ತು. ಬಂಧಿತನನ್ನು ತಂದು ನಮ್ಮ ಮುಂದೆ ನಿಲ್ಲಿಸಿ ಎಂದು ನ್ಯಾಯಾಲಯ ಆಜ್ಞಾಪಿಸಲೆಂದು ಕೋರುವ ಅರ್ಜಿ ಅದು.

1977ರ ಮಾರ್ಚ್ 21ರಂದು ತುರ್ತುಪರಿಸ್ಥಿತಿ ತೆರವಾಯಿತು. ಅದೇ ತಿಂಗಳು ವಾರಿಯರ್ ಕೇರಳ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಸಿದರು. ಸರ್ಕಾರದ ಕಡೆಯ ಉತ್ತರ: ರಾಜನ್ ಅವರನ್ನು ನಾವು ಬಂಧಿಸಿಯೇ ಇಲ್ಲ. ಅಲ್ಲವೆನ್ನಲು ಒಂದು ಚೂರು ಕಾಗದವೂ ತಂದೆಯ ಕೈಯಲ್ಲಿರಲಿಲ್ಲ. ಹೈಕೋರ್ಟು ಕಾಲೇಜಿನವರ, ರಾಜನ್ ಅವರನ್ನು ಪೊಲೀಸ್ ವಶದಲ್ಲಿ ಕಂಡವರ ಸಾಕ್ಷ್ಯವನ್ನು ಪರಿಶೀಲಿಸಿ, ಅವರನ್ನು ಪೊಲೀಸರು ಹಿಡಿದದ್ದು ನಿಜವೆಂದು ಏಪ್ರಿಲ್ 13ರಂದು ತೀರ್ಪಿತ್ತಿತು. 1976ರಲ್ಲಿ ಗೃಹ ಸಚಿವರಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಆ ತಿಂಗಳೇ ರಾಜೀನಾಮೆ ಕೊಟ್ಟರು. ರಾಜನ್ ಮರಳಲಿಲ್ಲ, ಅವರ ದೇಹವೂ ಸಿಗಲಿಲ್ಲ. ಬಂಧನದ ಒಂದು ಸಾಲು ದಾಖಲೆಯ ಬೆಲೆ ಏನೆಂಬುದನ್ನು ಈ ಪ್ರಕರಣ ದೇಶಕ್ಕೆ ತೋರಿಸಿತು.

ಪರಿಹಾರ ಮಾತ್ರ ನಿಧಾನವಾಗಿ ಬಂತು. 1994ರ ಜನವರಿಯಲ್ಲಿ ಗಾಜಿಯಾಬಾದಿನಲ್ಲಿ ಜೋಗಿಂದರ್ ಕುಮಾರ್ ಎಂಬ 28 ವರ್ಷದ ವಕೀಲರನ್ನು ವಿಚಾರಣೆಗೆಂದು ಕರೆಸಿಕೊಂಡ ಪೊಲೀಸರು ದಿನಗಟ್ಟಲೆ ಬಿಡಲಿಲ್ಲ. ಅವರು ಎಲ್ಲಿದ್ದಾರೆಂದು ಮನೆಯವರಿಗೆ ತಿಳಿಯದೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಂದು ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರು. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಸಮರ್ಥನೆ ಇರುವುದು ಬೇರೆ ಎಂಬುದನ್ನು ಏಪ್ರಿಲ್ 25ರ ಅವರ ತೀರ್ಪು ಸ್ಪಷ್ಟಪಡಿಸಿತು. ಬಂಧಿತನ ಬಂಧು ಅಥವಾ ಗೆಳೆಯನೊಬ್ಬನಿಗೆ ಸುದ್ದಿ ಮುಟ್ಟಿಸಬೇಕು, ಯಾರಿಗೆ ಮುಟ್ಟಿಸಲಾಯಿತೆಂದು ದಿನಚರಿಯಲ್ಲಿ ಬರೆಯಬೇಕು ಎಂದಿತು. ದೇಶದ ಬಂಧನಗಳಲ್ಲಿ ಶೇಕಡ 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂಬ ರಾಷ್ಟ್ರೀಯ ಪೊಲೀಸ್ ಆಯೋಗದ ವರದಿಯ ಮಾತನ್ನೂ ಅದು ಎತ್ತಿ ಹೇಳಿತು.

ಎರಡು ವರ್ಷಗಳ ನಂತರ, 1996ರ ಡಿಸೆಂಬರ್ 18ರಂದು, ಡಿ.ಕೆ. ಬಸು ಪ್ರಕರಣದ ತೀರ್ಪು ಹೊರಬಿತ್ತು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಬಸು, ಪೊಲೀಸ್ ವಶದಲ್ಲಿನ ಸಾವುಗಳ ಪತ್ರಿಕಾ ವರದಿಗಳನ್ನು ಓದಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವನ್ನೇ ಕೋರ್ಟು ಅರ್ಜಿಯೆಂದು ಸ್ವೀಕರಿಸಿತ್ತು. ತೀರ್ಪಿನಲ್ಲಿ 11 ನಿಯಮಗಳಿದ್ದವು. ಬಂಧಿಸುವ ಅಧಿಕಾರಿ ಹೆಸರಿನ ಪಟ್ಟಿ ಧರಿಸಿರಬೇಕು. ಸ್ಥಳದಲ್ಲೇ ಬಂಧನ ಪತ್ರ ಬರೆದು, ದಿನಾಂಕ ಮತ್ತು ವೇಳೆ ನಮೂದಿಸಿ, ಒಬ್ಬ ಸಾಕ್ಷಿಯ ಮತ್ತು ಬಂಧಿತನ ಸಹಿ ಪಡೆಯಬೇಕು. 12 ಗಂಟೆಯೊಳಗೆ ಪೊಲೀಸ್ ನಿಯಂತ್ರಣ ಕೊಠಡಿಗೆ ಮಾಹಿತಿ ತಲುಪಿ, ಅಲ್ಲಿನ ಹಲಗೆಯ ಮೇಲೆ ಎದ್ದುಕಾಣುವಂತೆ ಪ್ರಕಟವಾಗಬೇಕು. ಈ ನಿಯಮಗಳನ್ನು ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಬಿತ್ತರಿಸಿದರೆ, ಸ್ಥಳೀಯ ಭಾಷೆಯಲ್ಲಿ ಅಚ್ಚುಮಾಡಿ ಹಂಚಿದರೆ ಒಳಿತೆಂದೂ ನ್ಯಾಯಾಲಯ ಹೇಳಿತು. ಈ ಪುಟದಲ್ಲಿ ನೀವು ಓದುತ್ತಿರುವುದು ಆ ಕೆಲಸದ ಒಂದು ಭಾಗವೇ.

ನ್ಯಾಯಾಲಯದ ಈ ಮಾತು ಶಾಸನವಾದದ್ದು ಇನ್ನೂ 14 ವರ್ಷ ಕಳೆದ ಮೇಲೆ. 2010ರ ನವೆಂಬರ್ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಹೊಸ 41-ಸಿ ಕಲಮು ಜಾರಿಗೆ ಬಂತು. ಜಿಲ್ಲಾ ನಿಯಂತ್ರಣ ಕೊಠಡಿಯ ಹೊರಗಿನ ಹಲಗೆಯಲ್ಲಿ ಬಂಧಿತರ ಹೆಸರು, ವಿಳಾಸಗಳ ಜೊತೆಗೆ ಬಂಧಿಸಿದ ಅಧಿಕಾರಿಗಳ ಹೆಸರು, ಹುದ್ದೆಗಳೂ ಇರಬೇಕೆಂದು ಅದು ವಿಧಿಸಿತು. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟು ಮತ್ತೊಂದು ಹೆಜ್ಜೆ ಇಟ್ಟು, ಎಫ್.ಐ.ಆರ್. ಪ್ರತಿಯನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದಿತು. ಲೈಂಗಿಕ ಅಪರಾಧ, ಭಯೋತ್ಪಾದನೆ ಮೊದಲಾದ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಕೊಟ್ಟಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 37ನೆಯ ಕಲಮನ್ನು ಹಳೆಯದರ ಪಕ್ಕದಲ್ಲಿಟ್ಟು ಓದಿ ನೋಡಿ. ಮಾಹಿತಿ ಈಗ ಜಿಲ್ಲಾ ಕೇಂದ್ರದಲ್ಲಷ್ಟೇ ಅಲ್ಲ, ಪ್ರತಿ ಠಾಣೆಯಲ್ಲೂ ಇರಬೇಕು. ಅದಕ್ಕೊಬ್ಬ ಹೊಣೆಗಾರ ಅಧಿಕಾರಿಯೂ ಇರಬೇಕು. ಇದು ಮುನ್ನಡೆ. ಆದರೆ ಪ್ರಕಟಿಸಬೇಕಾದ ವಿವರಗಳಲ್ಲಿ ಆಪಾದನೆಯ ಸ್ವರೂಪ ಸೇರಿದೆ, ಬಂಧಿಸಿದ ಅಧಿಕಾರಿಯ ಹೆಸರು ಬಿಟ್ಟುಹೋಗಿದೆ. ಅಧಿಕಾರಿ ಹೆಸರಿನ ಪಟ್ಟಿ ಧರಿಸಬೇಕು, ಬಂಧನ ಪತ್ರ ಬರೆಯಬೇಕು ಎಂಬ ನಿಯಮಗಳು ಉಳಿದಿವೆ, ನಿಜ. ಆದರೂ ಹಲಗೆಯ ಮುಖ ತುಸು ತಿರುಗಿದೆ. ಬಂಧಿಸಿದವರನ್ನೂ ತೋರಿಸುತ್ತಿದ್ದದ್ದು ಈಗ ಬಂಧಿತನನ್ನಷ್ಟೇ ತೋರಿಸುತ್ತದೆ.

ಇದು ಸಣ್ಣ ವ್ಯತ್ಯಾಸವಲ್ಲ. ಬಂಧಿತನೆಂದರೆ ಅಪರಾಧಿಯಲ್ಲ, ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಅಮೆರಿಕದಲ್ಲಿ ಬಂಧಿತರ ಭಾವಚಿತ್ರಗಳನ್ನು ಸಾರ್ವಜನಿಕ ದಾಖಲೆಗಳಿಂದ ಎತ್ತಿಕೊಂಡು ಪ್ರಕಟಿಸಿ, ತೆಗೆದುಹಾಕಲು ಅವರಿಂದಲೇ ಹಣ ಕೇಳುವ ದಂಧೆ ಹುಟ್ಟಿಕೊಂಡಿತ್ತು. ಅದರ ವಿರುದ್ಧ 2013ರಲ್ಲಿ ಜಾರ್ಜಿಯಾ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಹಾಗಾದರೆ ಈ ಮಾಹಿತಿಯನ್ನು ನೀವು ಬಳಸುವುದು ಹೇಗೆ? ನಿಮ್ಮ ಪರಿಚಯದವರನ್ನು ಪೊಲೀಸರು ಕರೆದೊಯ್ದರೆ ಬಂಧನ ಪತ್ರ ಬರೆದಿದ್ದಾರೆಯೇ, ಅದರಲ್ಲಿ ವೇಳೆ ಇದೆಯೇ ಎಂದು ಕೇಳಿ. ನಿಯಂತ್ರಣ ಕೊಠಡಿಯನ್ನು ವಿಚಾರಿಸಿ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆ ಹೇಳುತ್ತದೆ ಎಂಬುದನ್ನು ನೆನಪಿಡಿ. ಆದರೆ ಹಲಗೆಯಲ್ಲಿ ಕಂಡ ಹೆಸರನ್ನು ಊರ ಬಾಯಿಗೆ ಹಾಕಬೇಡಿ. ಈಚರ ವಾರಿಯರ್ ಅವರಿಗೆ ಅಂದು ಬೇಕಾಗಿದ್ದದ್ದು ಅಷ್ಟೇ: ನಿಮ್ಮ ಮಗ ಇಲ್ಲಿದ್ದಾನೆ, ಇಂಥವರು ಕರೆತಂದರು ಎಂಬ ಒಂದು ಸಾಲು. ಆ ಹಲಗೆ ಇರಬೇಕಾದದ್ದು ಆ ಒಂದು ಸಾಲಿಗಾಗಿ.