ಬೆಕ್ಕಿನ ಲಿಂಫೋಮಾ ಮತ್ತು ಹಿತ್ತಲದ ಹೂವು

(1/4)
ನಮ್ಮ ಬ್ಯಾಡಗಿಯೊಳಗ ಬೆಕ್ಕು ಅಂದ್ರ ಇಲಿ ಕಾಯೋ ಕೆಲಸಗಾರ. ಮುದಿಯಾಗಿ ಸೊರಗಿದ್ರ "ವಯಸ್ಸಾತು ಬಿಡು" ಅಂತೀವಿ. ಆದ್ರ ಮೈ ಇಳಿಯೋದು, ಮತ್ತ ಮತ್ತ ವಾಂತಿ, ಭೇದಿ, ಇವು ಬರೀ ವಯಸ್ಸಿನ ಲಕ್ಷಣ ಅಲ್ಲ. ಕಿಡ್ನಿ ಇರಬಹುದು, ಥೈರಾಯ್ಡ್ ಇರಬಹುದು, ಲಿಂಫೋಮಾನೂ ಇರಬಹುದು. ಲಿಂಫೋಮಾ ಅಂದ್ರ ರೋಗದ ವಿರುದ್ಧ ಹೋರಾಡುವ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳೇ ಹತೋಟಿ ತಪ್ಪಿ ಬೆಳೆಯೋ ಕ್ಯಾನ್ಸರ್. ಬೆಕ್ಕುಗಳಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

(2/4)
1960ರ ದಶಕದ ಗ್ಲಾಸ್ಗೋ. ಹಲವು ಬೆಕ್ಕು ಸಾಕಿದ್ದ ಒಂದೇ ಮನೆಯಲ್ಲಿ ಒಂದರ ಹಿಂದೊಂದು ಇದೇ ರೋಗಕ್ಕೆ ತುತ್ತಾದವು. ಕ್ಯಾನ್ಸರ್ ಹಂಗ ಸಾಲಾಗಿ ಬರ್ತದೇನು? ಪಶುವೈದ್ಯ ವಿಜ್ಞಾನಿ ವಿಲಿಯಂ ಜ್ಯಾರೆಟ್‌ಗೆ ಅನುಮಾನ ಬಂತು. ಗಡ್ಡೆಯ ಸಾರವನ್ನು ಮರಿಗಳಿಗೆ ಚುಚ್ಚಿದಾಗ ಅವಕ್ಕೂ ರೋಗ ಬಂತು (ಇಂದು ಓದಿದರೆ ಸಂಕಟವಾಗುತ್ತದೆ). ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಂಡಿತು. 1964ರಲ್ಲಿ ಅವರ ತಂಡ ಅದನ್ನು ಪ್ರಕಟಿಸಿತು. ಅದೇ ಬೆಕ್ಕಿನ ಲ್ಯುಕೇಮಿಯಾ ವೈರಸ್. ಜೊಲ್ಲಿನಿಂದ, ಒಂದನ್ನೊಂದು ನೆಕ್ಕೋದ್ರಿಂದ, ಒಂದೇ ಬಟ್ಟಲದಾಗ ಉಣ್ಣೋದ್ರಿಂದ ಹರಡುತ್ತದೆ. ಮನುಷ್ಯರಿಗೆ ಬರೋದಿಲ್ಲ.

1973ರಲ್ಲಿ ರಕ್ತಪರೀಕ್ಷೆ, 1985ರಲ್ಲಿ ಅಮೆರಿಕದಲ್ಲಿ ಲಸಿಕೆ. ಸೋಂಕಿದ್ದ ಬೆಕ್ಕುಗಳನ್ನು ಬೇರೆ ಇಟ್ಟರು. ಆಮೇಲೆ ಆ ದೇಶಗಳಲ್ಲಿ ರೋಗದ ಮುಖವೇ ಬದಲಾಯಿತು. ಮೊದಲು ಎಳೆಯ ಬೆಕ್ಕುಗಳ ಎದೆಯೊಳಗೆ ಗಡ್ಡೆ ಹೆಚ್ಚಿತ್ತು. ಈಗ ವೈರಸ್ ಇಲ್ಲದ ಮುದಿ ಬೆಕ್ಕುಗಳ ಕರುಳಿನಲ್ಲಿ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಹಾಕಿಸುವ ತ್ರೀ-ಇನ್-ವನ್ ಲಸಿಕೆಯಲ್ಲಿ ಈ ವೈರಸ್ ಸೇರಿಲ್ಲ, ಗಮನಿಸ್ರಿ.

(3/4)
ಇನ್ನು ಔಷಧಿಯ ಕಥೆ. ಕಾಶಿ ಕಣಗಿಲೆ ಗೊತ್ತಲ್ಲ? ಕೆಲವರು ನಿತ್ಯಪುಷ್ಪ ಅಂತಾರ. ಐದು ಎಸಳು, ತಿಳಿಗುಲಾಬಿ ಇಲ್ಲಾ ಬಿಳಿ, ನೀರು ಹಾಕದಿದ್ರೂ ಬದುಕೋ ಗಿಡ. ಇದರ ತವರು ಮಡಗಾಸ್ಕರ್. 1952ರಲ್ಲಿ ಜಮೈಕಾದಿಂದ ಇದರ ಎಲೆಗಳು ಕೆನಡಾದ ಒಬ್ಬ ವೈದ್ಯರಿಗೆ ಬಂದವು, ಸಕ್ಕರೆ ಕಾಯಿಲೆಗೆ ಆಗ್ತದೇನು ನೋಡ್ರಿ ಅಂತ. ಅವರು ತಮ್ಮ ಸಹೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು. ಇಲಿಗಳಿಗೆ ಸಾರ ಕೊಟ್ಟರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು! ಬಿಳಿ ಕಣ ಕೊಲ್ಲೋದಾದ್ರ, ಬಿಳಿ ಕಣದ ಕ್ಯಾನ್ಸರ್‌ಗೆ ಯಾಕಾಗಬಾರದು? ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದ್ದನ್ನು ತಿಳಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಬಂದ ಈ ಔಷಧಿಯೇ ಇಂದು ಬೆಕ್ಕಿನ ಲಿಂಫೋಮಾಕ್ಕೂ ಮುಖ್ಯ.

ಹಂಗಂತ ಯಾರೂ ಎಲೆ ಅರೆದು ಬೆಕ್ಕಿಗೆ ಕುಡಿಸಬ್ಯಾಡ್ರಿ. ಎಲೆ ವಿಷ. ಶುದ್ಧ ಔಷಧಿಯನ್ನೂ ನರಕ್ಕೇ ಕೊಡಬೇಕು, ಹೊರಗೆ ಸೋರಿದರೆ ಮಾಂಸ ಸುಡುತ್ತದೆ.

(4/4)
ಲಿಂಫೋಮಾದಲ್ಲಿ ಎಲ್ಲಕ್ಕಿಂತ ಮುಖ್ಯ, ಯಾವ ಬಗೆ ಅನ್ನೋದು. ಕರುಳಿನ ನಿಧಾನದ ಬಗೆಗೆ ಪ್ರೆಡ್ನಿಸೋಲೋನ್ ಮತ್ತು ಕ್ಲೋರಾಂಬುಸಿಲ್ ಮಾತ್ರೆ; ಮನೆಯಲ್ಲೇ ಕೊಡಬಹುದು, ಎಷ್ಟೋ ಬೆಕ್ಕು ಎರಡು ವರ್ಷ, ಇನ್ನೂ ಹೆಚ್ಚು ಬದುಕುತ್ತವೆ. ವೇಗದ ಬಗೆಗೆ ವಿನ್‌ಕ್ರಿಸ್ಟಿನ್ ಸೇರಿದ ಕೀಮೋ. ಅಲ್ಲಿ ಲೆಕ್ಕ ಹೆಚ್ಚಾಗಿ ತಿಂಗಳುಗಳದ್ದು. ಬೆಕ್ಕಿಗೆ ಕೊಡೋ ಕೀಮೋದ ಗುರಿ ಸುಖವಾಗಿ ಬದುಕಿಸೋದು, ಹಂಗಾಗಿ ಡೋಸ್ ಮೃದು. ಕೂದಲು ಅಷ್ಟಾಗಿ ಉದುರಲ್ಲ, ಮೀಸೆ ಉದುರಬಹುದು. ದುಡ್ಡು, ದೂರ ಆಗಲಿಲ್ಲ ಅಂದ್ರ ನೋವು ಕಡಿಮೆ ಮಾಡಿ ನೋಡಿಕೊಳ್ಳೋದೂ ಚಿಕಿತ್ಸೆನೇ.

ಮೊದಲು ತಾಲ್ಲೂಕು ಪಶು ಆಸ್ಪತ್ರೆ. ಸ್ಕ್ಯಾನ್, ಬಯಾಪ್ಸಿ ಬೇಕಂದ್ರ ಗದಗ ಇಲ್ಲಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸ್ರಿ. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಶುರು ಮಾಡಿದ್ರ ಗುರುತು ಮಸುಕಾಗಬಹುದು, ಅದನ್ನ ಡಾಕ್ಟರ್ ಹತ್ರ ಕೇಳ್ರಿ. ಕೀಮೋ ಮಾತ್ರೆ ಮುರಿಯಬ್ಯಾಡ್ರಿ. ಕೊಡುವಾಗ, ಬೆಕ್ಕಿನ ಮಲಮೂತ್ರ ತೆಗೆಯುವಾಗ ಕೈಗವಸು ಹಾಕ್ಕೊಳ್ರಿ. ಮನ್ಯಾಗ ಬಸುರಿ ಇದ್ರ ಆ ಕೆಲಸ ಬೇರೆಯವರು ಮಾಡಲಿ.

#ಬ್ಯಾಡಗಿ #ಬೆಕ್ಕು #ಔಷಧಿಯಇತಿಹಾಸ